ಜಟ್ಟಪ್ಪನ ಹೆಸರಿನ ರಕ್ತ

ಹೂವಪ್ಪ ಉಳಿದದ್ದೇ ದೊಡ್ಡದು ಎಂದು ಊರವರು ಹೇಳುತ್ತಿದ್ದರು. ಮಂಗನ ಕಾಯಿಲೆ ಬಂದು ಹನ್ನೆರಡು ದಿನ ಜ್ಞಾನವಿಲ್ಲದೆ ಮಲಗಿದ್ದವನು ಎದ್ದೇನೋ ಎದ್ದ, ಆದರೆ ಅವನ ಕೈ ನಡುಗುವುದು ನಿಲ್ಲಲಿಲ್ಲ. ಕತ್ತಿ ಹಿಡಿದರೆ ಕತ್ತಿ ನಡುಗುತ್ತಿತ್ತು, ಬಟ್ಟಲು ಹಿಡಿದರೆ ಗಂಜಿ ಎದೆಯ ಮೇಲೆ ಚೆಲ್ಲುತ್ತಿತ್ತು. ಗದ್ದೆಯನ್ನೆಲ್ಲ ಶರಾವತಿಯ ಹಿನ್ನೀರಿಗೆ ಬಿಟ್ಟು, ಹೊಸನಗರದ ಕಡೆಯ ಕಾಡಂಚಿಗೆ ಬಂದು ಕೂತ ಸಂಸಾರ ಅದು. ದುಡಿಯುವವನು ತಮ್ಮ ಜಟ್ಟಪ್ಪ ಒಬ್ಬನೇ. ಜಟ್ಟಪ್ಪನ ಹೆಂಡತಿ ಪುಷ್ಪಮ್ಮ ತುಮರಿ ಕಡೆಯವಳು, ಐದು ತಿಂಗಳ ಬಸುರಿ. ಕೂತು ಉಣ್ಣುವ ಭಾವನ ಎದುರು ಅವಳು ಒಂದು ದಿನವೂ ಮುಖ ಗಂಟು ಹಾಕಿದವಳಲ್ಲ. ಹೂವಪ್ಪನಿಗೆ ಅದೇ ಹೆಚ್ಚು ಚುಚ್ಚುತ್ತಿತ್ತು.

ಅರವತ್ತಾರನೇ ಇಸವಿಯ ಕೊನೆಯಲ್ಲಿ ಸಾಗರದಿಂದ ಜ್ವರದ ಲ್ಯಾಬಿನವರು ಜೀಪಿನಲ್ಲಿ ಬಂದರು. ಕಾಡಿನಲ್ಲಿ ಬಿಳಿ ಬಟ್ಟೆ ಎಳೆದು ಉಣುಗು ಹಿಡಿಯಲು ಆಳು ಬೇಕಂತೆ. ಮಂಗನಿಂದ ಮನುಷ್ಯನಿಗೆ ಜ್ವರ ದಾಟಿಸುವುದು ಮೈಗೆ ಕಚ್ಚಿ ರಕ್ತ ಹೀರುವ ಆ ಉಣುಗೇ ಅಂತೆ. ತಿಂಗಳ ಸಂಬಳ, ಮೇಲೆ ಖಾಕಿ ಬಟ್ಟೆ. ಒಂದೇ ಒಂದು ಷರತ್ತು: ಮೊದಲು ರಕ್ತ ಪರೀಕ್ಷೆ ಆಗಬೇಕು. ಹಿಂದೆ ಈ ಜ್ವರ ತಗಲಿ, ರಕ್ತದಲ್ಲಿ ಅದಕ್ಕೆ ತಡೆ ಹುಟ್ಟಿದವರನ್ನು ಮಾತ್ರ ಕೆಲಸಕ್ಕೆ ತೆಗೆದುಕೊಳ್ಳುವುದು. ಎಷ್ಟೋ ಜನರಿಗೆ ಜ್ವರ ಬಂದು ಹೋದದ್ದೇ ಗೊತ್ತಿರುವುದಿಲ್ಲ, ಪರೀಕ್ಷೆಯಲ್ಲಿ ಗೊತ್ತಾಗುತ್ತದೆ ಎಂದು ಲ್ಯಾಬಿನ ನಾಗರಾಜಪ್ಪ ಶಾಲೆಯ ಜಗಲಿಯಲ್ಲಿ ನಿಂತು ಎಲ್ಲರಿಗೂ ತಿಳಿಸಿ ಹೇಳಿದ.

ಜಟ್ಟಪ್ಪ ಅಡಿಕೆ ಸುಲಿಯಲು ತೀರ್ಥಹಳ್ಳಿಗೆ ಹೋಗಿದ್ದ. ಬರುವುದು ಇನ್ನೂ ಎಂಟು ದಿನವಿತ್ತು. ಜೀಪು ಅಂದೇ ಸಂಜೆ ಹೊರಡುವುದು. ಸಾಲಿನ ಕೊನೆಯಲ್ಲಿ ನಿಂತ ಹೂವಪ್ಪನಿಗೆ ಒಂದು ಯೋಚನೆ ಹೊಳೆಯಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ಎದೆಹಾಲು ಕುಡಿದವರು. ನನ್ನ ರಕ್ತ ಒಂದು, ಅವನ ರಕ್ತ ಇನ್ನೊಂದು ಆಗುವುದು ಎಲ್ಲಿಂದ? ಮೋಸ ಮಾಡುತ್ತಿದ್ದೇನೆಂದು ಅವನಿಗೆ ಅನ್ನಿಸಲಿಲ್ಲ. ದೇವರಾಣೆಗೂ ಅನ್ನಿಸಲಿಲ್ಲ.

"ಹೆಸರೇನಪ್ಪಾ?" ಎಂದು ನಾಗರಾಜಪ್ಪ ಕೇಳಿದ.

"ಜಟ್ಟಪ್ಪ."

"ಕೈ ಯಾಕೆ ಹಿಂಗೆ ನಡುಗ್ತದೆ?"

"ಸೂಜಿ ಅಂದ್ರೆ ಹೆದ್ರಿಕೆ ಒಡೆಯಾ."

ಜಗಲಿಯಲ್ಲಿದ್ದವರೆಲ್ಲ ನಕ್ಕರು. ನಕ್ಕವರಿಗೆ ಅವನು ಯಾರೆಂದು ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ; ಬಡವನ ಮನೆಗೆ ಒಂದು ದಾರಿಯಾಗುವುದಾದರೆ ಆಗಲಿ ಎಂದುಕೊಂಡರು. ಊರು ಮಾಡುವ ಇಂಥ ಉಪಕಾರಕ್ಕೆ ಏನೆನ್ನಬೇಕೋ ನನಗಂತೂ ತಿಳಿಯದು.

ತೀರ್ಥಹಳ್ಳಿಯಿಂದ ಬಂದ ಜಟ್ಟಪ್ಪ ಸಂಗತಿ ಕೇಳಿ ಬಿದ್ದು ಬಿದ್ದು ನಕ್ಕ. "ಅದ್ರಾಗೇನೈತೆ ಅಣ್ಣ? ನಿಂದು ಬೇರೆ, ನಂದು ಬೇರೆಯಾ?" ಎಂದ. ಹದಿನೈದು ದಿನಕ್ಕೆ ಕಾಗದ ಬಂತು. ಜಟ್ಟಪ್ಪನ ರಕ್ತದಲ್ಲಿ ತಡೆ ಚೆನ್ನಾಗಿದೆ, ಕೆಲಸಕ್ಕೆ ಬರಬಹುದು. ಹತ್ತಾರು ಊರಲ್ಲಿ ರಕ್ತ ತೆಗೆದಿದ್ದ ನಾಗರಾಜಪ್ಪನಿಗೆ ಯಾರ ಮುಖವೂ ನೆನಪಿರಲಿಲ್ಲ. ಖಾಕಿ ಚಡ್ಡಿ ಹಾಕಿದ ಮೇಲೆ ಜಟ್ಟಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಾರವೆಲ್ಲ ಸಾಗರದಲ್ಲಿ, ಶನಿವಾರ ಸಂಜೆ ಮನೆಗೆ. ಪುಷ್ಪಮ್ಮನ ಮುಖದಲ್ಲಿ ಗೆಲುವು ಬಂತು. ಹೂವಪ್ಪನಿಗೆ ತನ್ನ ಹಾಳು ಜ್ವರವೂ ಒಂದು ಉಪಯೋಗಕ್ಕೆ ಬಂತಲ್ಲ ಎಂದು ಹೊಟ್ಟೆ ತಣ್ಣಗಾಯಿತು.

ಫೆಬ್ರವರಿಯ ಒಂದು ಗುರುವಾರ ಸಾಗರದ ಸಂತೆಗೆ ಹೋದ ಹೂವಪ್ಪ ತಮ್ಮನನ್ನು ನೋಡಲೆಂದು ಲ್ಯಾಬಿಗೆ ಹೋದ. ಜಟ್ಟಪ್ಪ ಕಾಡಿಗೆ ಹೋಗಿದ್ದ. ಹಿತ್ತಲಲ್ಲಿ ನಾಲ್ಕು ಹೆಬ್ಬಾತು ಗಲಾಟೆ ಮಾಡುತ್ತಿದ್ದವು. "ಇವನ್ನ ಯಾಕೆ ಸಾಕೀರಿ, ಸಾರಿಗಾ?" ಎಂದು ಕೇಳಿದ. ನಾಗರಾಜಪ್ಪನಿಗೆ ತನ್ನ ಕೆಲಸದ ಬಗ್ಗೆ ಮಾತಾಡುವುದೆಂದರೆ ಹಬ್ಬ. ಒಳಗೆ ಕರೆದು, ಸಾಲು ಸಾಲು ಕುಳಿಗಳಿದ್ದ ಒಂದು ತಟ್ಟೆ ತೋರಿಸಿದ. ಒಂದೊಂದು ಕುಳಿಯಲ್ಲೂ ಒಬ್ಬೊಬ್ಬರ ರಕ್ತದ ತಿಳಿ. ಅದಕ್ಕೆ ಜ್ವರದ ವಿಷ ಸೇರಿಸಿ, ಮೇಲೆ ಹೆಬ್ಬಾತಿನ ರಕ್ತ ಬಿಡುವುದು. ತಡೆ ಇದ್ದವರ ಕುಳಿಯಲ್ಲಿ ಕೆಂಪು ತಳಕ್ಕಿಳಿದು ಬೊಟ್ಟಾಗಿ ನಿಲ್ಲುತ್ತದೆ. ಇಲ್ಲದವರದರಲ್ಲಿ ತೆಳ್ಳಗೆ ಹರಡಿಕೊಳ್ಳುತ್ತದೆ.

"ಇಲ್ಲಿ ನೋಡು," ಎಂದು ನಾಗರಾಜಪ್ಪ ಎರಡು ಕುಳಿಗಳ ಮೇಲೆ ಬೆರಳಿಟ್ಟ. "ಅಣ್ಣ ತಮ್ಮ ಇಬ್ರೂ. ಅವಳಿ ಬೇರೆ. ಇವನಿಗೆ ಬೊಟ್ಟು ನಿಂತಿದೆ, ಇವನಿಗೆ ಇಲ್ಲ."

"ಒಂದೇ ತಾಯಿ ಮಕ್ಕಳಾದ್ರೂ?"

"ತಾಯಿ ಕೊಡೋದಲ್ಲ ಮಾರಾಯ ಇದು. ಯಾರಿಗೆ ಜ್ವರ ತಗಲ್ತೋ ಅವನ ಮೈಯಲ್ಲಿ ಮಾತ್ರ ಹುಟ್ಟೋದು."

ಹಾಗಾದರೆ ತಮ್ಮನ ಮೈಯಲ್ಲಿ ತಡೆ ಇರಲಿಕ್ಕಿಲ್ಲ ಎಂದು ಹೂವಪ್ಪನಿಗೆ ಆಗ ಹೊಳೆಯಿತು. ಅಲ್ಲೇ, ಆ ಮೇಜಿನ ಎದುರೇ ಹೇಳಿಬಿಡಬಹುದಿತ್ತು. ತಟ್ಟೆಗೆ ಕೈ ತಾಗೀತೆಂದು ನಾಗರಾಜಪ್ಪ ಅವನನ್ನು ಮೆಲ್ಲಗೆ ಹಿಂದೆ ಸರಿಸಿದ. ತಮ್ಮ ಬಂದಾಗ ಮನೆಯಲ್ಲೇ ಹೇಳಿದರಾಯಿತು ಎಂದುಕೊಂಡು ಹೂವಪ್ಪ ಬಸ್ಸು ಹತ್ತಿದ.

ಶನಿವಾರ ಜಟ್ಟಪ್ಪ ಬಂದ. ಕೂಸಿಗೆಂದು ಒಂದು ಟೊಪ್ಪಿ ತಂದಿದ್ದ. ಹುಟ್ಟದ ಕೂಸಿಗೆ ಟೊಪ್ಪಿ ಯಾಕೆಂದು ಪುಷ್ಪಮ್ಮ ಛೇಡಿಸಿದಳು. "ನೀನೊಬ್ಬ ಇದ್ರೆ ನಂಗೆ ಧೈರ್ಯ ಅಂದ್ರು ಲ್ಯಾಬಿನ ದೊಡ್ಡ ಡಾಕ್ಟ್ರು," ಎಂದು ಅವನು ಊಟಕ್ಕೆ ಕೂತಲ್ಲೇ ಹೇಳಿದ. ಹೂವಪ್ಪ ಎರಡು ಸಲ "ಜಟ್ಟಾ" ಎಂದ. ಎರಡು ಸಲವೂ ತಮ್ಮ ನಗುನಗುತ್ತ ತಿರುಗಿ ನೋಡಿದ. ಹೇಳಿದರೆ ಕೆಲಸ ಹೋಗುತ್ತದೆ, ಆಮೇಲೆ ಈ ಮನೆಯಲ್ಲಿ ನಾನು ಏನಾಗಿ ಕೂರಲಿ? ಹೂವಪ್ಪನ ಬಾಯಿ ಕಟ್ಟಿದ್ದು ಈ ನಾಚಿಕೆ, ಬೇರೇನೂ ಅಲ್ಲ. ಬರುವ ಶನಿವಾರ ಹೇಳೋಣ ಎಂದು ಅನ್ನ ಕಲಸಿದ.

ಮಂಗಳವಾರ ಕಾಡಿನಲ್ಲಿ ಮೂರು ಮಂಗಗಳು ಸತ್ತು ಬಿದ್ದ ಸುದ್ದಿ ಲ್ಯಾಬಿಗೆ ಬಂತು. ಸತ್ತ ಮಂಗದ ಮೈ ಬಿಟ್ಟ ಉಣುಗು ಸುತ್ತಲಿನ ತರಗೆಲೆಯಲ್ಲಿ ಕಿಕ್ಕಿರಿದಿರುತ್ತದೆ. ತಡೆ ಇಲ್ಲದವರು ದೂರ ನಿಲ್ಲಿ ಎಂದು ಹೇಳಿ, ಡಾಕ್ಟರು ಜಟ್ಟಪ್ಪನನ್ನು ಮುಂದೆ ಕಳಿಸಿದರು. ಅವನು ಮೂರನ್ನೂ ಒಬ್ಬನೇ ಹೆಗಲ ಮೇಲೆ ಹೊತ್ತು ತಂದ.

ಆ ಗಡಿಬಿಡಿಯಲ್ಲಿ ಅವನು ಆ ಶನಿವಾರ ಮನೆಗೆ ಬರಲಿಲ್ಲ, ಮುಂದಿನ ಸೋಮವಾರ ಚಳಿಜ್ವರ ಹಿಡಿಯಿತು. ಆಸ್ಪತ್ರೆಯಲ್ಲಿ ಮೊದಲು ಯಾರೂ ಹೆದರಲಿಲ್ಲ. ಕಾಗದದಲ್ಲಿ ತಡೆ ಇದೆಯೆಂದು ಬರೆದಿತ್ತಲ್ಲ, ಮಂಗನ ಕಾಯಿಲೆಯಲ್ಲ, ಟೈಫಾಯ್ಡ್ ಇರಬೇಕೆಂದು ಅದಕ್ಕೆ ಔಷಧಿ ಶುರುಮಾಡಿದರು. ಮೂರನೆಯ ದಿನ ಜಟ್ಟಪ್ಪನ ಕಣ್ಣು ಕೆಂಡದಂತಾಗಿ ಒಸಡಿನಲ್ಲಿ ರಕ್ತ ಜಿನುಗಿತು. ಹೂವಪ್ಪ ವಾರ್ಡಿನ ನೆಲದ ಮೇಲೆ ಕುಸಿದು ಕೂತು, ಡಾಕ್ಟರ ಕಾಲು ಹಿಡಿದು ಎಲ್ಲ ಹೇಳಿದ.

ನಾಗರಾಜಪ್ಪ ಜಟ್ಟಪ್ಪನ ತೋಳಿನಿಂದ ರಕ್ತ ತೆಗೆದು ಪರೀಕ್ಷೆ ಮಾಡಿದ. ಎಲ್ಲಿಯೂ ಬೊಟ್ಟು ನಿಲ್ಲಲಿಲ್ಲ. "ನನ್ನ ಕೈಯಿಂದಲೇ ಅವನ್ನ ಕಾಡಿಗೆ ಕಳಿಸಿದ್ಯಲ್ಲೋ ಪಾಪಿ," ಎಂದು ಹೂವಪ್ಪನ ಎದುರೇ ಅತ್ತ. ಈ ಜ್ವರಕ್ಕೆ ಅಂತ ಔಷಧಿ ಇಲ್ಲ, ಮೊದಲೇ ತಿಳಿದಿದ್ದರೆ ಕಾಡಿಗೇ ಬಿಡುತ್ತಿರಲಿಲ್ಲ ಎಂದರು ಡಾಕ್ಟರು.

ಎಂಟನೆಯ ದಿನ ಮಧ್ಯಾಹ್ನ ಜಟ್ಟಪ್ಪ ತೀರಿಕೊಂಡ. ಅಣ್ಣನ ಹೆಸರು ಹಿಡಿದು ಕನವರಿಸುತ್ತಿದ್ದ, ಕೊನೆಗೆ ಅದೂ ನಿಂತಿತು.

ಪುಷ್ಪಮ್ಮ ಬೋರಾಡಿ ಅಳಲಿಲ್ಲ. ಮಂಚದ ಪಕ್ಕ ನಿಂತು, "ಇದು ಯಾವತ್ತು ತಗಲಿದ್ದು ಒಡೆಯಾ?" ಎಂದು ಡಾಕ್ಟರನ್ನು ಕೇಳಿದಳು.

"ಮಂಗ ಹೊತ್ತು ತಂದ ಮಂಗಳವಾರನೇ ಇರಬೇಕಮ್ಮ. ಅದಕ್ಕೆ ಮುಂಚೆ ಇವನು ಓಡಾಡಿದ ಕಾಡಲ್ಲಿ ಜ್ವರ ಇರಲಿಲ್ಲ."

ಅವಳು ಹೂವಪ್ಪನ ಕಡೆ ತಿರುಗಿದಳು. "ನಿಮ್ಮ ರಕ್ತ ಬೇರೆ, ಅವ್ರ ರಕ್ತ ಬೇರೆ ಅಂತ ನಿಮಗೆ ಯಾವತ್ತು ಗೊತ್ತಾತು ಭಾವ?"

ಸುಳ್ಳು ಹೇಳಬಹುದಿತ್ತು. ಇವತ್ತೇ ಎಂದಿದ್ದರೆ ಅಲ್ಲವೆನ್ನುವವರು ಯಾರೂ ಇರಲಿಲ್ಲ. ಹೂವಪ್ಪ ತಮ್ಮನ ಮುಖ ನೋಡಿದ.

"ಅದರ ಹಿಂದಿನ ಗುರುವಾರ," ಎಂದ.

ಪುಷ್ಪಮ್ಮ ಗಂಡನ ಮೈಮೇಲಿನ ಹೊದಿಕೆ ಸರಿಮಾಡಿದಳು. ಆಮೇಲೆ ಮೆಲ್ಲಗೆ, ಅವನಿಗೆ ನೆನಪಿಲ್ಲವೇನೋ ಎಂಬಂತೆ ಹೇಳಿದಳು.

"ನಡುವೆ ಶನಿವಾರ ಅವ್ರು ಮನೆಗೆ ಬಂದಿದ್ರಲ್ಲ ಭಾವ. ನಿಮ್ಮಿಬ್ರಿಗೂ ನಾನೇ ಬಡಿಸಿದ್ದೆ."