ಓದಲಾಗದ ಬೋರ್ಡು

ಅವನು ಲಿಫ್ಟ್ ರಿಪೇರಿಯವನು. ಹಗಲೆಲ್ಲ ಕೆಟ್ಟು ನಿಂತ ಲಿಫ್ಟುಗಳ ಹೊಟ್ಟೆಯೊಳಗೆ ಕೂತಿದ್ದು, ಸಂಜೆ ಮನೆಗೆ ಬಂದು ಹಿಂದಿನ ಕೋಣೆ ಸೇರುತ್ತಿದ್ದ. ಅಲ್ಲಿ ಸದ್ದು ಹೊರಗೆ ಹೋಗದಂತೆ ಗೋಡೆಗೆಲ್ಲ ಹಳೆಯ ಹಾಸಿಗೆ ಒರಗಿಸಿತ್ತು. ಹೀಗೆ ಆರು ವರ್ಷ ತಿಣುಕಿದ ಮೇಲೆ ಮೆಟಲ್ ಎಂಬ ಅಬ್ಬರದ ಸಂಗೀತದ ಒಂದು ಆಲ್ಬಂ ಹುಟ್ಟಿತು. ಗಿಟಾರು, ಬೇಸು, ಡ್ರಮ್ಮು ಎಲ್ಲವೂ ಅವನೇ. ಮೊದಲು ನಾಲ್ಕು ಜನರ ತಂಡವಿತ್ತು. ಒಬ್ಬನಿಗೆ ಮದುವೆಯಾಯಿತು, ಒಬ್ಬನಿಗೆ ಸೊಂಟ ಹಿಡಿಯಿತು, ಇನ್ನೊಬ್ಬನಿಗೆ ಬುದ್ಧಿ ಬಂತು. ಮದುವೆ ಇವನಿಗೂ ಆಗಿತ್ತು, ಆದರೆ ಬುದ್ಧಿ ಬರಲಿಲ್ಲ. ಏಳು ಟ್ರ್ಯಾಕು, ನಲವತ್ತಮೂರು ನಿಮಿಷ, ಹಾಡುವವರೇ ಇಲ್ಲ. ಗಂಡಿಲ್ಲದ ಮದುವೆ ಇದು ಎಂದು ಹೆಂಡತಿ ಒಮ್ಮೆ ಅಂದಿದ್ದಳು.

ಮುಖಪುಟವೊಂದು ಬಾಕಿ. ಅದನ್ನು ಅಪ್ಪನೇ ಬರೆಯಬೇಕೆಂದು ಅವನ ಹಟ.

ಅಪ್ಪ ಬೋರ್ಡು ಬರೆಯುವವರು. ನಲವತ್ತು ವರ್ಷ ಊರಿನ ಅರ್ಧ ಅಂಗಡಿಗಳಿಗೆ ಹೆಸರು ಬರೆದವರು. ಎಲ್ಲರ ಬಾಯಲ್ಲೂ ‘ಬೋರ್ಡ್ ಮೇಷ್ಟ್ರು’. ಓಡುವ ಬಸ್ಸಿನಿಂದ ಓದಲಾಗದ್ದು ಅಕ್ಷರವೇ ಅಲ್ಲ ಎಂಬುದು ಅವರ ವೇದವಾಕ್ಯ. ಎರಡು ವರ್ಷದ ಹಿಂದೆ ಬಲಗೈ ನಡುಗಲು ಹಿಡಿಯಿತು. ಅಂದು ತೊಳೆದಿಟ್ಟ ಕುಂಚವನ್ನು ಮತ್ತೆ ಮುಟ್ಟಿರಲಿಲ್ಲ. ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು, ಎದುರಿನ ಔಷಧದಂಗಡಿಯ, ಕಂಪ್ಯೂಟರಿನಲ್ಲಿ ಅಚ್ಚಾದ ಬೋರ್ಡನ್ನು ಬೈಯುತ್ತ ಕೂರುತ್ತಿದ್ದರು. ಈಚೆಗೆ ಬೈಯುವುದನ್ನೂ ಬಿಟ್ಟಿದ್ದರು. ಮಗನಿಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

“ಅಪ್ಪ, ನನ್ನ ಆಲ್ಬಂಗೆ ಹೆಸರು ನೀವೇ ಬರ್ದುಕೊಡಿ.”

“ಕೈ ನೋಡಿದ್ದೀಯಲ್ಲ.”

“ನಡುಗಿದ್ರೇ ಚೆನ್ನಾಗಿರುತ್ತೆ. ಮೆಟಲ್‌ನಲ್ಲಿ ಅಕ್ಷರ ಓದೋ ಹಾಗೆ ಇರ್ಬಾರ್ದು.”

ಮಾತು ಸತ್ಯವೇ. ಆದರೆ ಬಾಯಿಗೆ ಬಂದ ಸತ್ಯವನ್ನೆಲ್ಲ ಉದುರಿಸಬಾರದೆಂದು ಆ ಮಹಾನುಭಾವನಿಗೆ ಯಾರು ಹೇಳಬೇಕು? ಅಪ್ಪ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟರು.

“ನನ್ನ ಮೇಲೆ ಕನಿಕರಾನಾ?” ಎಂದರು. ಆಮೇಲೆ ನಾಲ್ಕು ದಿನ ಮಾತಿಲ್ಲ.

“ಉಪಕಾರ ಮಾಡಕ್ಕೆ ಹೋಗಿ ಉಪದ್ರ ಮಾಡಿ ಬಂದ್ರಿ,” ಎಂದಳು ಹೆಂಡತಿ.

ಐದನೆಯ ದಿನ ಅವನು ಬೇರೆ ತಂಡಗಳ ಹತ್ತು ಆಲ್ಬಂಗಳನ್ನು ತಂದು ಅಪ್ಪನ ಮುಂದೆ ಹರಡಿದ. ಅಪ್ಪ ಭೂತಕನ್ನಡಿ ಹಿಡಿದು ಒಂದೊಂದನ್ನೇ ನೋಡಿದರು. ಒಂದರ ಮೇಲೂ ಹೆಸರು ತಿಳಿಯುವಂತಿರಲಿಲ್ಲ; ಎಲ್ಲವೂ ಕಿತ್ತು ಬಿಸಾಡಿದ ಬೇರಿನ ಹಾಗಿದ್ದವು.

“ಇವ್ರಿಗೆಲ್ಲ ನಡುಕದ ಕಾಯಿಲೆನಾ?”

“ಇಲ್ಲಪ್ಪ. ಬೇಕೂಂತ ಹೀಗೆ ಬರೆಸಿರೋದು.”

ಅಪ್ಪನಿಗೆ ನಂಬಿಕೆ ಬರಲಿಲ್ಲ. ಭೂತಕನ್ನಡಿ ಕೆಳಗಿಟ್ಟು, “ಅಂಗಡಿ ಒಳಗೆ ಕಾಲಿಡದೆ ನಾನು ಯಾವತ್ತೂ ಬೋರ್ಡ್ ಬರ್ದಿಲ್ಲ. ಎಲ್ಲಿ, ನಿನ್ನ ಸಂಗೀತ ಹಾಕು,” ಎಂದರು.

ಹೆಡ್‌ಫೋನ್ ಸಿಕ್ಕಿಸಿಕೊಂಡು, ಕ್ಷೌರಕ್ಕೆ ಕೂತವರಂತೆ ಕತ್ತು ನೆಟ್ಟಗಿಟ್ಟು ನಲವತ್ತಮೂರು ನಿಮಿಷ ಕೇಳಿದರು. ಆ ಮನೆಯಲ್ಲಿ ಅದನ್ನು ಪೂರ್ತಿ ಕೇಳಿದ ಮೊದಲ ಮನುಷ್ಯ ಅವರೇ. ಮಗ ಎದುರಿಗೆ ನಿಂತು ಉಗುರು ಕಚ್ಚುತ್ತಿದ್ದ.

“ಐದನೇದ್ರಲ್ಲಿ ಒಂದು ಕಡೆ ಕೈ ತಡವರಿಸಿದೆ ನಿಂಗೆ.”

“ಗೊತ್ತಪ್ಪ. ಮೂವತ್ತು ಸಲ ನುಡಿಸ್ದೆ, ಇಪ್ಪತ್ತೊಂಬತ್ತು ಸಲ ಸರಿಯಾಗೇ ಬಂತು. ಇದೇ ಚೆನ್ನಾಗಿತ್ತು. ಇಟ್ಕೊಂಡೆ.”

ಅಪ್ಪ ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಕನಿಕರ ಎಲ್ಲಾದರೂ ಅಡಗಿದೆಯೇ ಎಂದು ಹುಡುಕುವಂತಿತ್ತು ಆ ನೋಟ. ಅವನು ಅಲುಗದೆ ನಿಂತ. ಕೊನೆಗೆ, “ಕಪ್ಪು ಬಣ್ಣ ತಗೊಂಡ್ಬಾ,” ಎಂದರು.

ಬರೆಯಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಕೈಯನ್ನು ಅದರ ಪಾಡಿಗೆ ಬಿಟ್ಟರು. ಅದು ಎರಡು ವರ್ಷದ ಸಿಟ್ಟನ್ನೆಲ್ಲ ಹಲಗೆಯ ಮೇಲೆ ಕಾರಿಕೊಂಡಿತು.

“ಓದಕ್ಕಾಗುತ್ತಾ?”

“ಒಂದಕ್ಷರಾನೂ ಇಲ್ಲಪ್ಪ.”

ಮೇಷ್ಟ್ರ ಕೆಲಸಕ್ಕೆ ಇಂಥ ಬೈಗುಳ ಹಿಂದೆಂದೂ ಸಿಕ್ಕಿರಲಿಲ್ಲ. ಅವರು ಹಲ್ಲು ಕಾಣುವಂತೆ ನಕ್ಕರು. ಆಮೇಲೆ ಎಡಗೈಯಲ್ಲಿ ಬಲ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಮೂಲೆಯಲ್ಲಿ ಸಣ್ಣಗೆ, ಓದಲಾಗುವಂತೆ, ಇಂಗ್ಲಿಷಿನಲ್ಲಿ ‘ಬೋರ್ಡ್ ಮೇಷ್ಟ್ರು’ ಎಂದು ರುಜು ಹಾಕಿದರು. ಅದಕ್ಕೆ ಹಿಡಿದದ್ದು ಎರಡು ದಿನ.

ಆಲ್ಬಂ ಇಂಟರ್ನೆಟ್ಟಿಗೆ ಹೋಯಿತು. ಮೂರನೆಯ ವಾರ ಯಾವುದೋ ದೂರದೇಶದಿಂದ ಮೊದಲ ಪತ್ರ ಬಂತು. ಪಾಪ, ಆತ ಮುಖಪುಟದಲ್ಲಿ ಓದಲಾದ ಒಂದೇ ಹೆಸರನ್ನು ಓದಿದ್ದ. “ಪ್ರಿಯ ಬೋರ್ಡ್ ಮೇಷ್ಟ್ರೇ,” ಎಂದಿತ್ತು, “ಎಲ್ಲ ವಾದ್ಯಗಳನ್ನೂ ಒಬ್ಬರೇ ನುಡಿಸಿದ್ದೀರೆಂದು ತಿಳಿಯಿತು. ನಿಮ್ಮ ಕೈಗೆ ನಮಸ್ಕಾರ.”

ಆರು ವರ್ಷದ ದುಡಿಮೆಗೆ ಬಂದ ಮೊದಲ ಮೆಚ್ಚುಗೆ, ಅದೂ ತಪ್ಪು ವಿಳಾಸಕ್ಕೆ. ಮಗನಿಗೆ ಒಂದು ಕ್ಷಣ ಹೊಟ್ಟೆ ಉರಿದದ್ದು ಸುಳ್ಳಲ್ಲ. ಆದರೂ ಪತ್ರವನ್ನು ಅಪ್ಪನಿಗೆ ಓದಿ ಹೇಳಿದ, ಕೊನೆಯ ಸಾಲನ್ನು ಎರಡು ಸಲ.

ಅಪ್ಪ ತೊಡೆಯ ಮೇಲೆ ನಡುಗುತ್ತಿದ್ದ ಕೈಯನ್ನೇ ನೋಡುತ್ತ ಕೂತರು.

“ಏನಂತ ಬರೀಲಪ್ಪ ಅವ್ರಿಗೆ?”

“ಸಂತೋಷ ಅಂತ ಬರಿ,” ಎಂದರು. “ಅವ್ರಿಗೂ ಬೋರ್ಡ್ ಬೇಕಿದ್ರೆ ಒಂದು ವಾರ ಮುಂಚೆ ತಿಳಿಸ್ಬೇಕು ಅಂತಾನೂ ಬರಿ.”