ಮೂಗಣ್ಣನ ಬಾಯಿ

"ಒಡೆದ ಹಾಲು," ಎಂದರು ಸೂಪರ್‌ವೈಸರ್, ರಿಯಾಕ್ಟರಿನ ಗಾಜಿನ ಕಿಂಡಿಗೆ ಕಣ್ಣು ಹಚ್ಚಿ. "ನೀರಲ್ಲಿ ಔಷಧಿ ಮಾಡ್ತಾಳಂತೆ! ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು. ಮೂಗಣ್ಣ, ಕೆಳಗಿನ ವಾಲ್ವ್ ಬಿಡು. ಕೊಳಚೆ ಟ್ಯಾಂಕಿಗೆ ಹೋಗ್ಲಿ."

ಮೂಗಣ್ಣ ವಾಲ್ವಿನ ಹಿಡಿಗೆ ಕೈ ಇಟ್ಟ. ತೆಗೆದ. ಪ್ಯಾಂಟಿಗೆ ಒರೆಸಿ ಮತ್ತೆ ಇಟ್ಟ.

ಇಪ್ಪತ್ತೆರಡು ವರ್ಷದಿಂದ ಈ ಕಾರ್ಖಾನೆಯಲ್ಲಿ ಎಲ್ಲ ಔಷಧಿಯೂ ಟಾಲ್ವೀನ್ ಎಂಬ ಘಾಟು ದ್ರಾವಕದಲ್ಲೇ ಕುದಿಯುತ್ತಿತ್ತು. ಬಳಸಿ ಕೊಳಕಾದ ಟಾಲ್ವೀನನ್ನು ಭಟ್ಟಿ ಇಳಿಸಿ ಮತ್ತೆ ತಿಳಿ ಮಾಡಿಕೊಡುವುದು ಅವನ ಕೆಲಸ. ಪೈಪು ಎಲ್ಲಿ ಸೋರಿದರೂ ಮೀಟರಿಗಿಂತ ಮೊದಲು ಅವನ ಮೂಗಿಗೆ ಗೊತ್ತಾಗುತ್ತಿದ್ದುದರಿಂದ ಈ ಹೆಸರು. ಹೊಸ ಕೆಮಿಸ್ಟ್ ಹುಡುಗಿ ಟಾಲ್ವೀನೇ ಬೇಡವೆಂದು ಬಂದಿದ್ದಳು: ಕ್ರಿಯೆ ಚುರುಕಾಗಲು ಚಿಟಿಕೆ ಪಲ್ಲೇಡಿಯಂ ಲೋಹ, ಹಿಡಿ ಸೋಪಿನಂಥ ಪುಡಿ, ಉಳಿದದ್ದೆಲ್ಲ ನೀರು. ಟಾಲ್ವೀನ್ ಹೋದರೆ ಭಟ್ಟಿ ಹೋಯಿತು, ಭಟ್ಟಿಯ ಹಿಂದೆ ಭಟ್ಟಿಯವನು. ಇದು ತಿಳಿಯಲು ಪದವಿ ಬೇಕಿರಲಿಲ್ಲ.

ಬೆಳಿಗ್ಗೆ ಅವಳೇ ಹೇಳಿದ್ದಳು: "ಅಣ್ಣಾ, ಟಾಲ್ವೀನಲ್ಲಿ ಮಾಲು ಕರಗಿರತ್ತೆ, ತಿಳಿಯಾಗಿದ್ರೆ ಸರಿ. ನೀರಲ್ಲಿ ಉಲ್ಟಾ. ಹಾಲು ಒಡೆದ ಹಾಗೆ ಬೇರೆ ಆಗತ್ತೆ. ಒಡೆದ್ರೇನೇ ಗೆದ್ದ ಹಾಗೆ. ಗಾಬರಿ ಬೀಳ್ಬೇಡಿ, ಆಯ್ತಾ?" ಸೂಪರ್‌ವೈಸರಿಗೆ ಹೇಳಿರಲಿಲ್ಲ, ಅವರು ಹೇಳಿಸಿಕೊಳ್ಳುವ ಪೈಕಿಯಲ್ಲ. ಈಗ ಹುಡುಗಿ ಮಾಲೀಕರ ಫೋನೆಂದು ಮೇಲೆ ಹೋಗಿದ್ದಳು. ಈ ಪ್ರಯೋಗಕ್ಕೆ ಎರಡನೇ ಅವಕಾಶವಿಲ್ಲವೆಂದು ಮಾಲೀಕರು ಮೊದಲೇ ಅಂದಿದ್ದರು.

ಅಂದರೆ ಭಟ್ಟಿ ಉಳಿಯಲು ಮೂಗಣ್ಣ ಹೇಳಿದಂತೆ ವಾಲ್ವ್ ಬಿಡುವುದರ ಹೊರತು ಏನೂ ಮಾಡಬೇಕಿರಲಿಲ್ಲ. ಮೂಗಿನಿಂದ ಬಂದ ಹೆಸರಿಗೆ ಇನ್ನೊಂದು ಅರ್ಥವೂ ಇದೆಯಲ್ಲ, ಅರ್ಧ ನಿಮಿಷ ಆ ಅರ್ಥದಲ್ಲಿ ಬದುಕಿದರೆ ಸಾಕಿತ್ತು.

"ಏನಯ್ಯಾ, ಮುಹೂರ್ತ ಕಾಯ್ತಿದ್ದೀಯಾ?"

ಅವನು ಕಿಂಡಿಯಲ್ಲಿ ಇಣುಕಿದ. ಬಿಳಿ ಪುಡಿ ಗಾಜಿಗೆ ಅಂಟದೆ, ಒಂದಕ್ಕೊಂದು ಮೆತ್ತಿಕೊಳ್ಳದೆ, ಹಗುರಾಗಿ ತಳಕ್ಕಿಳಿಯುತ್ತಿತ್ತು. ಇಷ್ಟು ಚೊಕ್ಕ ಮಾಲು ಈ ರಿಯಾಕ್ಟರಿನಲ್ಲಿ ಅವನು ಕಂಡಿದ್ದಿಲ್ಲ. ಹಾಳಾದ್ದು, ಒಂಚೂರು ಕಪ್ಪಗಾದರೂ ಇರಬಾರದಿತ್ತೆ!

"ಕೆಟ್ಟಿಲ್ಲ ಸಾರ್. ಸೋಸಬೇಕು, ಅಷ್ಟೇ," ಎಂದುಬಿಟ್ಟಿತು ಬಾಯಿ.

"ಯಾರಂದಿದ್ದು?"

"ಕಾಣ್ತಿದೆಯಲ್ಲ."

ಸೂಪರ್‌ವೈಸರ್ ಕಿಂಡಿಯನ್ನು ಬಿಟ್ಟು ಅವನ ಮುಖ ನೋಡಿದರು. "ನಿನ್ ಭಟ್ಟಿಗೆ ನೀನೇ ನೀರು ಹುಯ್ಕೊಂಡ್ಯಲ್ಲೋ, ಪುಣ್ಯಾತ್ಮ!"

ಸೋಸುವ ಬಟ್ಟೆಯ ಮೇಲೆ ಪುಡಿ ದಪ್ಪಗೆ ಕೂತಿತು. ಹುಡುಗಿ ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದಳು. "ಬಂತಾ ಅಣ್ಣಾ? ಬಂತಾ?" ಎಂದವಳು ಉತ್ತರಕ್ಕೂ ಕಾಯದೆ ಅದರ ಮೇಲೆ ಬಗ್ಗಿದಳು. ಮೂಗಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಬಿಚ್ಚಿದ. ಜೇಬಿಗಿಳಿಸಿದ. ಆಮೇಲೆ, ನೆಲದ ಮೇಲೆ ಸುಮ್ಮನೆ ನೀರು ಹರಿಸುತ್ತ ಬಿದ್ದಿದ್ದ ಹೋಸ್ ಪೈಪನ್ನು ಎತ್ತಿ, ಎಲ್ಲಿಡುವುದೆಂದು ತಿಳಿಯದೆ, ಹಿಡಿದುಕೊಂಡೇ ನಿಂತ.