ಇನ್ನೊಂದು ಸಹಿ

ಕಾಫಿ ಬಗ್ಗಿಸುತ್ತಿದ್ದ ಲೆನೋರಾ ಕೈ ತಡೆದಳು. ಚರ್ಚಿನ ನೆಲಮಾಳಿಗೆಯ ಕಿಟಕಿಯಾಚೆ ವೆಂಡೆಲ್ ಟ್ರಿಜೋನಾ ಗಾಡಿಯಿಂದಿಳಿದು ಬೂಟಿನ ಹಿಮ ಒದರುತ್ತಿದ್ದ.

"ಅವನ್ಯಾಕೆ ಬಂದ?" ಬೆನ್ನ ಹಿಂದೆ ಆರ್ವೊ ಕೇಳಿದ. ಮೇಲೆ ಶವಪೆಟ್ಟಿಗೆಯಲ್ಲಿ ಮಲಗಿದ್ದ ಅವಳ ಅಮ್ಮ ಹಿಲ್ಮಾಳಿಗೆ ಅವನೊಬ್ಬನೇ ತಮ್ಮ. ಗಣಿಯಲ್ಲಿ ದುಡಿದು ಕಿವಿ ಮಂದವಾಗಿತ್ತು, ಮಾತು ಜೋರು. "ನೀನು ಕರೆದೆಯಾ?"

"ಇಲ್ಲ ಮಾವ."

"ನಮ್ಮಕ್ಕನ ಕೈಗೆ ಕೋಳ ಹಾಕಿದೋನು. ಬಂದ ದಾರೀಲೇ ಹೋಗಯ್ಯ ಅಂತೀನಿ ನೋಡು."

"ಬೇಡ ಮಾವ. ಆವತ್ತು ಅವರನ್ನ ಕರೆಸಿದ್ದು ನಾನು ತಾನೆ?"

"ಅದೇನು, ಗೊತ್ತಿಲ್ವಾ ನಂಗೆ?"

ಹತ್ತೊಂಬತ್ತು ವರ್ಷಗಳಲ್ಲಿ ಅವನು ಈ ಮಾತೆತ್ತಿದ್ದು ಇದೇ ಮೊದಲು. ಏಲಕ್ಕಿ ಬ್ರೆಡ್ಡು ಕೊಯ್ಯುತ್ತಿದ್ದ ಹೆಂಗಸರು ಚಾಕು ಕೆಳಗಿಟ್ಟರು. ಹಿಲ್ಮಾಳ ಜೊತೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿದವರು ಅವರು. ಈಗಷ್ಟೇ ಒಬ್ಬಳು, "ಮುನ್ನೂರು ಮಕ್ಕಳಲ್ಲಿ ಯಾವುದು ಬಟಾಣಿ ಮುಟ್ಟಲ್ಲ ಅಂತ ಅವಳಿಗೆ ಗೊತ್ತಿರ್ತಿತ್ತು" ಎಂದು ಹೇಳುತ್ತಿದ್ದಳು. ಈಗ ಎಲ್ಲರೂ ತಟ್ಟೆಗಳನ್ನೇ ನೋಡುತ್ತಿದ್ದರು.

* * *

ಹತ್ತೊಂಬತ್ತು ವರ್ಷದ ಹಿಂದಿನ ಆ ಮಾರ್ಚಿನಲ್ಲಿ ಹಿಲ್ಮಾ ಐದು ದಿನ ಕಣ್ಣು ಮುಚ್ಚಿರಲಿಲ್ಲ. ಫೋನಿನಲ್ಲಿ ಅವಳ ಮಾತು ಒಂದರ ಮೇಲೊಂದು ಬೀಳುತ್ತಿತ್ತು. ಆಮೇಲೆ ಅವಳು ಫೋನನ್ನೇ ಎತ್ತಲಿಲ್ಲ. ಮಧ್ಯಾಹ್ನ ಲೆನೋರಾ ಹೋಗಿ ನೋಡಿದರೆ, ಮನೆಯ ಬಾಗಿಲುಗಳನ್ನೆಲ್ಲ ಕಳಚಿ ಅಂಗಳದ ಹಿಮದಲ್ಲಿ ಪೇರಿಸಿಟ್ಟಿದ್ದಳು. ಸುಪೀರಿಯರ್ ಸರೋವರದ ಗಾಳಿ ಅಡುಗೆಮನೆಯನ್ನು ಹಾದು ಹಿತ್ತಲಿಗೆ ಹೋಗುತ್ತಿತ್ತು. ಅಮ್ಮ ಸ್ಕ್ರೂಡ್ರೈವರ್ ಹಿಡಿದು ಬರಿಗಾಲಲ್ಲಿ ನಿಂತಿದ್ದಳು. ಕಾಲ್ಬೆರಳುಗಳು ಮೇಣದಂತೆ ಬೆಳ್ಳಗಾಗಿದ್ದವು.

"ಇನ್ಮೇಲೆ ಯಾರೂ ಒಳಗೆ ಸಿಕ್ಕಿಹಾಕ್ಕೊಳಲ್ಲ ಕಣೆ. ಸಂಜೆಗೆ ನಿಮ್ಮನೇದೂ ಮುಗಿಸಿಬಿಡ್ತೀನಿ."

ಲೆನೋರಾಳ ಮನೆಯಲ್ಲಿ ಆರು ತಿಂಗಳ ಕೂಸಿತ್ತು.

"ಆಸ್ಪತ್ರೆಗೆ ಹೋಗೋಣ ಬಾಮ್ಮ."

"ಯಾಕೆ? ನಂಗೇನಾಗಿದೆ?"

ಎಷ್ಟು ಬೇಡಿಕೊಂಡರೂ ಅವಳು ಬರಲಿಲ್ಲ. ಲೆನೋರಾ ನ್ಯಾಯಾಲಯಕ್ಕೆ ಓಡಿ, ಮಾನಸಿಕ ಆಸ್ಪತ್ರೆಗೆ ಬಲವಂತವಾಗಿ ಸೇರಿಸುವ ಅರ್ಜಿಯಲ್ಲಿ 'ತನಗೂ ಪರರಿಗೂ ಅಪಾಯಕಾರಿ' ಎಂಬ ಸಾಲಿನ ಕೆಳಗೆ ಸಹಿ ಹಾಕಿದಳು. ಕತ್ತಲಾಗುವ ಮುಂಚೆ ಷೆರಿಫ್ ಕಚೇರಿಯಿಂದ ಪೊಲೀಸನಾಗಿ ವೆಂಡೆಲ್ ಬಂದ. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಶಾಲೆಯಲ್ಲಿ ಹಿಲ್ಮಾ ಬಡಿಸಿದ್ದನ್ನು ಉಂಡು ಬೆಳೆದವನು. ಕೋಳ ಹಾಕುವುದು ನಿಯಮ ಎಂದು ಮೂರು ಸಲ ಹೇಳಿದ. ಹಿಲ್ಮಾ ಅವನನ್ನು ನೋಡಲಿಲ್ಲ. ಮಗಳ ಕಡೆ ತಿರುಗಿ ಕೇಳಿದಳು:

"ನಾನೇನು ಕದ್ದೆ, ಲೆನೋರಾ?"

ಎರಡು ತಿಂಗಳಾದ ಮೇಲೆ ಅವಳು ಆ ಚಳಿಗೆ ಎರಡು ಕಾಲ್ಬೆರಳು ಕಳೆದುಕೊಂಡು ಮನೆಗೆ ಬಂದಳು. ಮತ್ತೆ ಶಾಲೆಯ ಅಡುಗೆಗೆ ಹೋಗತೊಡಗಿದಳು. ಆ ದಿನದ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದರೆ ಮಗಳು ಫೋನು ಮಾಡಿದಾಗಲೆಲ್ಲ, ಕೇಳುವ ಮೊದಲೇ, "ಏಳು ತಾಸು ಮಲಗಿದ್ದೆ" ಎನ್ನುತ್ತಿದ್ದಳು. ಆಮೇಲೆ, "ನೀನು ಹೇಗಿದೀಯ?" ಲೆನೋರಾಳಿಗೆ ಪ್ರತಿ ಸಲವೂ ಹಾಯೆನಿಸುತ್ತಿತ್ತು. ಹಿಂದೆಯೇ, ಅಮ್ಮ ಸುಳ್ಳು ಹೇಳುತ್ತಿದ್ದರೆ ಎಂಬ ಭಯ.

* * *

ವೆಂಡೆಲ್ ಟೋಪಿ ತೆಗೆದು ಬಾಗಿಲಲ್ಲೇ ನಿಂತ. "ನಿಮ್ಮ ಹತ್ರ ಒಂದ್ನಿಮಿಷ ಮಾತಾಡ್ಬೇಕಿತ್ತು, ಲೆನೋರಾ."

ಕೋಟು ನೇತುಹಾಕಿದ ಮೂಲೆಗೆ ಅವಳು ಅವನ ಹಿಂದೆ ಹೋದಳು. ಆವತ್ತು ಗಾಡಿಯಲ್ಲಿ ಅಮ್ಮ ತನಗೆ ಶಾಪ ಹಾಕಿದ್ದಳೇನೋ. ಅದನ್ನು ಇವನು ಇಂದೇ ಹೇಳಿಬಿಡುತ್ತಾನೇನೋ.

ಅವನು ಮಡಿಕೆ ಸವೆದ ಕಾಗದವೊಂದನ್ನು ಕೊಟ್ಟ. "ಇನ್ನು ಇದು ನನ್ನ ಹತ್ರ ಇದ್ದು ಏನು ಮಾಡೋದು."

ಅಮ್ಮನ ದುಂಡು ಅಕ್ಷರ. 'ನಾನು ಮೂರು ದಿನ ನಿದ್ದೆ ಮಾಡದಿದ್ದರೆ ವೆಂಡೆಲ್ ನನ್ನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಬೈದರೂ ಬಿಡಬಾರದು. ಅರ್ಜಿಗೆ ಸಹಿ ಹಾಕಬೇಕಾಗಿ ಬಂದರೆ ಅವನೇ ಹಾಕಬೇಕು.' ಕೆಳಗೆ ಅವಳ ಹೆಸರು. ಹದಿನೇಳು ವರ್ಷ ಹಿಂದಿನ ತಾರೀಖು.

"ಮಾರ್ಚ್ ಬಂತಂದ್ರೆ ವಾರವಾರ ನಮ್ಮನೆಗೆ ಬರೋರು," ಎಂದ ವೆಂಡೆಲ್. "'ನೋಡಯ್ಯ ನನ್ನ, ಸರಿಯಾಗಿದೀನಾ?' ಅಂತ. ಕಾಫಿ ಕುಡಿದು ಹೋಗೋರು. ಎರಡು ವರ್ಷ ಮಾತ್ರ, 'ಇಲ್ಲ, ಆಸ್ಪತ್ರೆಗೆ ಹೋಗೋಣ' ಅಂದೆ. ಬೈದ್ರು, ಚೆನ್ನಾಗೇ ಬೈದ್ರು. ಆದ್ರೆ ತಾವೇ ಕೋಟು ಹಾಕ್ಕೊಂಡು ಗಾಡಿ ಹತ್ತಿದ್ರು."

"ಯಾವಾಗ?"

"ನಿಮಗೆ ಮಿಲ್ವಾಕೀಲಿ ಗೆಳತಿ ಮನೇಲಿದೀನಿ ಅಂದಿದ್ರಂತಲ್ಲ, ಆವಾಗ."

ಲೆನೋರಾಳಿಗೆ ಆ ಫೋನುಗಳು ನೆನಪಾದವು. ಹಿಂದಿನಿಂದ ಯಾರೋ ಒಂದೊಂದೇ ಹೆಸರು ಕೂಗುತ್ತಿದ್ದ ಸದ್ದು. ಗೆಳತಿಯ ಮನೆ ತುಂಬ ಜನ ಎಂದುಕೊಂಡಿದ್ದಳು.

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ನಾನೂ ಕೇಳ್ದೆ." ವೆಂಡೆಲ್ ಟೋಪಿಯ ಅಂಚು ತಿರುವುತ್ತ ನಿಂತ. "'ಅವಳು ಒಂದ್ಸಲ ಸಹಿ ಹಾಕಿದ್ದೇ ಸಾಕು. ಇನ್ನೊಂದ್ಸಲ ಹಾಕಿದ್ರೆ ಈ ಕಡೆ ತಲೆ ಹಾಕಲ್ಲ ಅವಳು' ಅಂದ್ರು."

ಮೇಲಿನಿಂದ ಪಾದ್ರಿ ಬಗ್ಗಿ ಕರೆದರು. "ಪೆಟ್ಟಿಗೆ ಹೊರೋಕೆ ಆರು ಜನ ಬೇಕು, ಐದೇ ಜನ ಇದ್ದಾರಲ್ಲಮ್ಮ. ಇನ್ನೊಬ್ಬನ ಗಾಡಿ ಹಿಮದಲ್ಲಿ ಹೂತಿದೆಯಂತೆ."

"ಐದೇ ಜನ ಹೊರ್ತೀವಿ," ಎಂದ ಆರ್ವೊ, ವೆಂಡೆಲ್‌ನನ್ನೇ ನೋಡುತ್ತ.

ಲೆನೋರಾ ಕಾಗದವನ್ನು ಮಾವನ ಕೈಗಿಟ್ಟಳು. ಅವನು ಅದನ್ನು ದೂರ ಹಿಡಿದು ತುಟಿ ಅಲುಗಿಸುತ್ತ ಓದಿದ. ಮತ್ತೆ ಮೊದಲಿಂದ ಓದಿದ. ಹಳೆಯ ಮಡಿಕೆಯಂತೆಯೇ ಮಡಚಿ ಅವಳಿಗೆ ಕೊಟ್ಟ. ಅವಳು ಅದನ್ನು ಇಟ್ಟುಕೊಂಡಳು.

"ನನ್ನೆದುರಿಗೆ ನಿಂತ್ಕೊಳಯ್ಯ," ಎಂದ ಆರ್ವೊ ಕೊನೆಗೆ. "ಮುಂದ್ಗಡೆ."

ಪ್ರಾರ್ಥನೆ ಮುಗಿದಾಗ ಹೊರಗಿನ ಮೆಟ್ಟಿಲುಗಳು ಹಿಮಗಟ್ಟಿ ಗಾಜಿನಂತಾಗಿದ್ದವು. ಎರಡನೆಯ ಮೆಟ್ಟಿಲಿಗೇ ಆರ್ವೊನ ಕಾಲು ಜಾರಿತು. ಪೆಟ್ಟಿಗೆ ಅವನ ಕಡೆ ವಾಲಿತು.

"ಎಡಗಾಲು," ಎಂದ ವೆಂಡೆಲ್, ಮುದುಕನ ಮಂದ ಕಿವಿಗೆ ಕೇಳುವಷ್ಟು ಗಟ್ಟಿಯಾಗಿ.

ಆರ್ವೊ ಎಡಗಾಲು ಇಳಿಸಿದ.

"ಈಗ ಬಲಗಾಲು."

ಪೆಟ್ಟಿಗೆ ಮಟ್ಟಸವಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ, ಒಟ್ಟಿಗೇ ಕಾಲಿಡುತ್ತ, ಒಂದೊಂದೇ ಮೆಟ್ಟಿಲು ಇಳಿದರು.